ಬಿಸಿಎಎ ಡಬ್ಬಿ ಕೊಳ್ಳುವ ಮೊದಲು: ಜಿಮ್ ನೋವು, ಅಮೈನೋ ಆಮ್ಲ ಮತ್ತು ನಮ್ಮ ಜೋಳದ ರೊಟ್ಟಿ

ಜಿಮ್ ಸೇರಿ ಮೂರನೇ ದಿನ. ಬಳ್ಳಾರಿಯ ನಮ್ಮ ಮನೆಯ ಮಹಡಿ ಮೆಟ್ಟಿಲನ್ನು ನಾನು ಗೋಡೆ ಹಿಡಿದುಕೊಂಡು ಹಿಂದುಹಿಂದಾಗಿ ಇಳಿಯುತ್ತಿದ್ದೆ. ಅಡುಗೆಮನೆಯಿಂದ ಅವ್ವ ಇಣುಕಿ, "ಏನಾತೋ, ಗಾಡಿ ಮ್ಯಾಲಿಂದ ಬಿದ್ದಿಯೇನು?" ಅಂದಳು. ಬಿದ್ದಿರಲಿಲ್ಲ. ಮೊನ್ನೆ ಹುರುಪಿನಲ್ಲಿ ನೂರು ಬಸ್ಕಿ ಹೊಡೆದಿದ್ದೆ, ಅಷ್ಟೇ. ಸಂಜೆ ಜಿಮ್ ಮಾಸ್ತರನ ಮುಂದೆ ಕಷ್ಟ ಹೇಳಿಕೊಂಡೆ. ಅವನು ಕೌಂಟರ್ ಹಿಂದಿನಿಂದ ಒಂದು ಡಬ್ಬಿ ತೆಗೆದ. "ಬಿಸಿಎಎ ಕುಡೀರಿ ಅಣ್ಣಾ, ನಾಳೆಗೆ ಎಲ್ಲಾ ಸರಿ ಹೋಗ್ತದ."

ಬಿಸಿಎಎ ಅಂದರೆ ಪ್ರೋಟೀನಿನ ತುಣುಕುಗಳಾದ ಮೂರು ಅಮೈನೋ ಆಮ್ಲಗಳ ಪುಡಿ. ಹತ್ತಿರ ಹತ್ತಿರ ಎರಡು ಸಾವಿರ ಕೊಟ್ಟು ತಂದೆ. ಮರುದಿನ ಏನೂ ಸರಿ ಹೋಗಲಿಲ್ಲ. ಡಬ್ಬಿ ತಂದ ನಾಲ್ಕನೇ ದಿನ ಸರಿ ಹೋಯಿತು. ತರದಿದ್ದರೂ ಆ ದಿನವೇ ಸರಿ ಹೋಗುತ್ತಿತ್ತು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷದಲ್ಲಿ ಓದಿದ್ದು, ಮಾಡಿ ನೋಡಿದ್ದು, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದು ಎಲ್ಲಾ ಇಲ್ಲಿದೆ.

ಹೆಜ್ಜೆ 1: ಇದು ಯಾವ ನೋವು ಅಂತ ಮೊದಲು ಗುರುತಿಸಿ

ಭಾರ ಎತ್ತಿದ ಮೇಲೆ ಬರುವ ಮಾಮೂಲಿ ನೋವಿಗೆ ಒಂದು ಟೈಮ್ ಟೇಬಲ್ ಇದೆ. ಆ ದಿನ ಏನೂ ಇರುವುದಿಲ್ಲ. 12ರಿಂದ 24 ಗಂಟೆಯಲ್ಲಿ ಶುರುವಾಗುತ್ತದೆ. 24ರಿಂದ 72 ಗಂಟೆಯ ನಡುವೆ ಜೋರಾಗಿರುತ್ತದೆ. ಐದರಿಂದ ಏಳು ದಿನದೊಳಗೆ ಹೋಗುತ್ತದೆ. ಎರಡೂ ತೊಡೆ, ಎರಡೂ ತೋಳು ಹೀಗೆ ಜೋಡಿಯಾಗಿ ನೋಯುತ್ತದೆ. ಮುಟ್ಟಿದರೆ ನೋವು, ಕೂತು ಏಳುವಾಗ ನೋವು, ಸುಮ್ನೆ ಮಲಗಿದ್ದರೆ ಅಷ್ಟಿಲ್ಲ. ಜಿಮ್ ಭಾಷೆಯಲ್ಲಿ ಇದಕ್ಕೆ ಡಾಮ್ಸ್ ಅನ್ನುತ್ತಾರೆ.

ಎತ್ತುತ್ತಿರುವಾಗಲೇ ಚಳಕ್ ಅಂತ ಬಂದ ನೋವು, ಒಂದೇ ಕಡೆಯ ನೋವು, ಕೀಲಿನೊಳಗಿನ ನೋವು, ಬಾವು ಬಂದು ಚರ್ಮ ಕಪ್ಪುನೀಲಿ ಆಗುವುದು: ಇದೆಲ್ಲ ಡಾಮ್ಸ್ ಅಲ್ಲ, ಪೆಟ್ಟು. ಇದಕ್ಕೆ ಯಾವ ಪುಡಿಯೂ ಮದ್ದಲ್ಲ. ಮೂಳೆ ಡಾಕ್ಟರಿಗೆ ತೋರಿಸಿ.

ಮೂರನೆಯದು ಅಪರೂಪ, ಆದರೆ ಜೀವಕ್ಕೆ ಕುತ್ತು. ಮೂತ್ರ ಚಹಾ ಡಿಕಾಕ್ಷನ್ ಅಥವಾ ಕೋಲಾ ಬಣ್ಣಕ್ಕೆ ತಿರುಗಿದರೆ, ತೊಡೆ ತೋಳು ಊದಿಕೊಂಡು ಗಟ್ಟಿಯಾದರೆ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲ ಅನಿಸಿದರೆ, ಅದು ಸ್ನಾಯು ಒಡೆದು ಅದರೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತಿರುವ ಲಕ್ಷಣ. ಹೆಸರು ರ‍್ಯಾಬ್ಡೊಮಯೊಲಿಸಿಸ್. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ಸಿಕೆ ಅನ್ನುವ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಚಾವಣಿಯ ಜಿಮ್, ನೀರು ಕಡಿಮೆ, ಹೊಸ ಹುಡುಗ, ಮೊದಲ ದಿನವೇ ಇನ್ನೂರು ಬಸ್ಕಿ. ಇಷ್ಟೂ ಒಟ್ಟಿಗೆ ಸೇರುವುದು ಅಂಥಾ ಅಪರೂಪವೇನಲ್ಲ.

ಹೆಜ್ಜೆ 2: ನೋವು ಎಲ್ಲಿಂದ ಬರುತ್ತದೆ ಅಂತ ತಿಳಿಯಿರಿ

ಲ್ಯಾಕ್ಟಿಕ್ ಆಸಿಡ್ ಕೂತಿದೆ ಅಂತ ಹೇಳುವವರು ಇನ್ನೂ ಇದ್ದಾರೆ. ಅದು ವ್ಯಾಯಾಮ ಮುಗಿದು ಸುಮಾರು ಒಂದು ಗಂಟೆಯಲ್ಲಿ ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ನಾಡಿದ್ದು ಬರುವ ನೋವಿಗೆ ಅದು ಕಾರಣ ಆಗಲು ಸಾಧ್ಯವಿಲ್ಲ.

ಅಂಜನಾದ್ರಿ ಬೆಟ್ಟ ಹತ್ತಿ ಇಳಿದವರಿಗೆ ನಿಜವಾದ ಕಾರಣ ಬೇಗ ಅರ್ಥವಾಗುತ್ತದೆ. ಗಂಗಾವತಿ ಹತ್ತಿರದ ಆ ಬೆಟ್ಟಕ್ಕೆ 575 ಮೆಟ್ಟಿಲು. ಹತ್ತುವಾಗ ಏದುಸಿರು ಬರುತ್ತದೆ. ಇಳಿಯುವುದು ಸಲೀಸು ಅನಿಸುತ್ತದೆ. ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಬಿಗಿಯಾಗಿಯೇ ಇದ್ದು ಉದ್ದವಾಗುತ್ತದೆ, ಮೈಭಾರಕ್ಕೆ ಬ್ರೇಕ್ ಹಾಕುತ್ತದೆ. ಆ ಎಳೆತಕ್ಕೆ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ಮೈ ಅಲ್ಲಿ ರಿಪೇರಿ ಶುರು ಮಾಡುತ್ತದೆ, ಒಳಗೆ ಉರಿಯೂತ ಆಗುತ್ತದೆ, ನರಗಳು ಸೂಕ್ಷ್ಮವಾಗುತ್ತವೆ. ಡಂಬೆಲ್ ಕೆಳಗಿಳಿಸುವಾಗ, ಬಸ್ಕಿಯಲ್ಲಿ ಕೆಳಗೆ ಕೂರುವಾಗ ಆಗುವುದೂ ಇದೇ.

ಅದೇ ಬೆಟ್ಟವನ್ನು ಎರಡು ವಾರ ಬಿಟ್ಟು ಮತ್ತೆ ಹತ್ತಿ ಇಳಿಯಿರಿ. ನೋವು ಅರ್ಧವೂ ಇರುವುದಿಲ್ಲ. ಒಂದು ಸಲದ ಅನುಭವವೇ ಸ್ನಾಯುವಿಗೆ ಹಲವು ವಾರಗಳ ರಕ್ಷಣೆ ಕೊಡುತ್ತದೆ. ಇದನ್ನು ನೆನಪಿಡಿ. ಪುಡಿ ಕೆಲಸ ಮಾಡಿತು ಅಂತ ನಾವು ಅಂದುಕೊಳ್ಳುವ ಎಷ್ಟೋ ಸಲ ಕೆಲಸ ಮಾಡಿರುವುದು ಇದು.

ಹೆಜ್ಜೆ 3: ಡಬ್ಬಿಯಲ್ಲಿ ಏನಿದೆ, ತಟ್ಟೆಯಲ್ಲಿ ಏನಿದೆ

ಪ್ರೋಟೀನ್ ಕಟ್ಟಿರುವುದು 20 ಬಗೆಯ ಅಮೈನೋ ಆಮ್ಲಗಳಿಂದ. ಅದರಲ್ಲಿ ಒಂಬತ್ತನ್ನು ಮೈ ತಾನೇ ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ಈ ಒಂಬತ್ತರಲ್ಲಿ ಮೂರು, ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಸೇರಿದರೆ ಬಿಸಿಎಎ. ಡಬ್ಬಿಯ ಮೇಲೆ 2:1:1 ಅಂತ ಬರೆದಿದ್ದರೆ ಲ್ಯೂಸಿನ್ ಎರಡು ಪಾಲು, ಉಳಿದೆರಡು ಒಂದೊಂದು ಪಾಲು ಅಂತ ಅರ್ಥ. ಒಂಬತ್ತೂ ಇದ್ದರೆ ಅದು ಇಎಎ.

ಲ್ಯೂಸಿನ್‌ಗೆ ಯಾಕೆ ಇಷ್ಟು ಮರ್ಯಾದೆ? ಸ್ನಾಯು ಕಟ್ಟುವ ಕೆಲಸ ಶುರು ಮಾಡಿ ಅಂತ ಜೀವಕೋಶಕ್ಕೆ ಸೂಚನೆ ಕೊಡುವುದು ಅದು. ನಮ್ಮೂರಿನ ಜೀನ್ಸ್ ಯೂನಿಟ್ ನೆನೆಸಿಕೊಳ್ಳಿ. ಲ್ಯೂಸಿನ್ ಬಂದು ಮಷೀನ್ ಸ್ವಿಚ್ ಹಾಕುತ್ತದೆ. ಆದರೆ ಬಟ್ಟೆ ಇದೆ, ದಾರ ಇದೆ, ಗುಂಡಿ ಇದೆ, ಝಿಪ್ ಮಾತ್ರ ಹತ್ತೇ ಇವೆ ಅಂದರೆ ಎಷ್ಟು ಪ್ಯಾಂಟ್ ಹೊರಬರುತ್ತವೆ? ಹತ್ತೇ. ಇನ್ನೂ ನೂರು ಗುಂಡಿ ತಂದು ಸುರಿದರೆ ಹನ್ನೊಂದನೆಯದು ಆಗುವುದಿಲ್ಲ.

ಈಗ ನಮ್ಮ ತಟ್ಟೆಗೆ ಬನ್ನಿ. ಜೋಳದಲ್ಲಿ ಲ್ಯೂಸಿನ್ ಕಡಿಮೆ ಇಲ್ಲ, ಜಾಸ್ತಿಯೇ ಇದೆ. ಎಷ್ಟು ಜಾಸ್ತಿ ಅಂದರೆ, 1960ರ ಹೊತ್ತಿಗೆ ಹೈದರಾಬಾದಿನಲ್ಲಿ ಪೋಷಣೆಯ ಸಂಶೋಧನೆ ಮಾಡುತ್ತಿದ್ದ ಡಾ. ಸಿ. ಗೋಪಾಲನ್ ಮತ್ತು ಜೊತೆಗಾರರು, ದಖ್ಖನ್ನಿನಲ್ಲಿ ಬರೀ ಜೋಳ ತಿನ್ನುವ ಬಡವರಿಗೆ ಬರುತ್ತಿದ್ದ ಪೆಲಾಗ್ರ ಅನ್ನುವ, ನಯಾಸಿನ್ ವಿಟಮಿನ್ ಕೊರತೆಯ ಕಾಯಿಲೆಗೆ ಜೋಳದ ಹೆಚ್ಚಿನ ಲ್ಯೂಸಿನ್ನೇ ಕಾರಣ ಇರಬಹುದು ಅಂದಿದ್ದರು. ಆ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಆಮೇಲೆ ಬಹಳ ಚರ್ಚೆ ಆಯಿತು. ಕಾಳು, ಸೊಪ್ಪು, ಹಾಲು ಸೇರಿಸಿ ಉಣ್ಣುವ ಇವತ್ತಿನವರು ಇದಕ್ಕೆ ಹೆದರಬೇಕಿಲ್ಲ. ಆದರೆ ನಮ್ಮ ಅಜ್ಜಂದಿರ ಊಟದಲ್ಲಿ ಲ್ಯೂಸಿನ್ ವಿಪರೀತವಾಯಿತೇನೋ ಅಂತ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದ ಸೀಮೆಯಲ್ಲಿ ಕೂತು, ನಾವು ದುಡ್ಡು ಕೊಟ್ಟು ಲ್ಯೂಸಿನ್ ತರುತ್ತಿದ್ದೇವೆ!

ಜೋಳದಲ್ಲಿ ಕಡಿಮೆ ಇರುವುದು ಆ ಒಂಬತ್ತರಲ್ಲಿ ಇನ್ನೊಂದಾದ ಲೈಸಿನ್. ಅದೇ ಆ ಝಿಪ್. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್. ಅದರಲ್ಲಿ ಲ್ಯೂಸಿನ್ ಒಂದು ಗ್ರಾಂಗಿಂತ ಮೇಲೆ, ಲೈಸಿನ್ ಸುಮಾರು ಕಾಲು ಗ್ರಾಂ ಅಷ್ಟೇ. 60 ಕೆಜಿ ತೂಕದವರಿಗೆ ದಿನಕ್ಕೆ ಕನಿಷ್ಠ 1.8 ಗ್ರಾಂ ಲೈಸಿನ್ ಬೇಕು. ಬಿಸಿಎಎ ಡಬ್ಬಿಯಲ್ಲಿ ಲೈಸಿನ್ ಎಷ್ಟಿರುತ್ತದೆ? ಸೊನ್ನೆ. ಬಿಸಿಎಎ ಅಂದರೆ ಆ ಮೂರೇ, ಲೈಸಿನ್ ಅದರಲ್ಲಿ ಸೇರಿಲ್ಲ. ಲೈಸಿನ್ ಇರುವುದು ತೊಗರಿಬೇಳೆ, ಹೆಸರು, ಮಡಕಿ, ಕಡಲೆಯಲ್ಲಿ. ಹಾಲು ಮೊಸರು ಮೊಟ್ಟೆ ಮಾಂಸದಲ್ಲಿ. ರೊಟ್ಟಿ ಜೊತೆ ಕಾಳು ಪಲ್ಯ ಮಾಡಿದ ನಮ್ಮ ಹಿರಿಯರಿಗೆ ಲೈಸಿನ್ ಅನ್ನುವ ಹೆಸರು ಗೊತ್ತಿರಲಿಲ್ಲ, ಝಿಪ್ ಎಲ್ಲಿ ಸಿಗುತ್ತದೆ ಅಂತ ಗೊತ್ತಿತ್ತು.

ಹೆಜ್ಜೆ 4: ಒಂದು ದಿನದ ಊಟ ತೂಗಿ ನೋಡಿ

ಪೂರಕ ಬೇಕೋ ಬೇಡವೋ ಅಂತ ತೀರ್ಮಾನ ಆಗುವುದು ಇಲ್ಲಿ. ಸುಮ್ನೆ ಅಂದಾಜು ಬೇಡ, ಅಡುಗೆ ತಕ್ಕಡಿ ತೆಗೆದುಕೊಳ್ಳಿ. ಬೇಯಿಸುವ ಮೊದಲಿನ ತೂಕ ಹಿಡಿಯಿರಿ.

ಮಾಮೂಲಿ ಮನುಷ್ಯನಿಗೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೋಟೀನ್. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕೆಜಿಗೆ 1.6 ಗ್ರಾಂ ಹತ್ತಿರ ಇದ್ದರೆ ಸಾಕು ಅನ್ನುವುದು ಈಗಿನ ಅಧ್ಯಯನಗಳ ಸಾರ. ನನ್ನ ತೂಕ 65 ಕೆಜಿ. ಅಂದರೆ 104 ಗ್ರಾಂ.

ನನ್ನ ಲೆಕ್ಕ ಹೀಗೆ ಬಂತು. ಅವ್ವ ಬಡಿಯುವ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು. ದಿನಕ್ಕೆ ನಾಲ್ಕು ರೊಟ್ಟಿ, 20 ಗ್ರಾಂ ಪ್ರೋಟೀನ್. ಬೇಳೆ ಕಾಳು ಎರಡೂ ಹೊತ್ತು ಸೇರಿ 100 ಗ್ರಾಂ, 22. ಅನ್ನ 100 ಗ್ರಾಂ ಅಕ್ಕಿಯದು, 7. ಎಮ್ಮೆ ಹಾಲು ಮತ್ತು ಮೊಸರು ಅರ್ಧ ಲೀಟರ್, 20. ಶೇಂಗಾ 50 ಗ್ರಾಂ, 12. ಮೊಟ್ಟೆ ಮೂರು, 18. ಒಟ್ಟು 99.

ಬಾಕಿ 5 ಗ್ರಾಂ. ಒಂದು ಹಿಡಿ ಪುಟಾಣಿ (ಹುರಿಗಡಲೆ) ತಿಂದರೆ ತೀರಿತು. ಮೊಟ್ಟೆ ತಿನ್ನದವರು 50 ಗ್ರಾಂ ಸೋಯಾ ಚಂಕ್ಸ್ ಹಾಕಿಕೊಂಡರೆ 25 ಗ್ರಾಂ ಸಿಗುತ್ತದೆ, ಅದು ಮೊಟ್ಟೆಗಿಂತ ಅಗ್ಗ.

ಇಲ್ಲಿ ಇನ್ನೊಂದು ಲೆಕ್ಕವಿದೆ. ಊಟದ ಪ್ರೋಟೀನ್‌ನಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಬಿಸಿಎಎಯೇ. ನೂರು ಗ್ರಾಂ ಪ್ರೋಟೀನ್ ತಿನ್ನುವವರಿಗೆ 18, 20 ಗ್ರಾಂ ಬಿಸಿಎಎ ಊಟದಲ್ಲೇ ಬಂದಿರುತ್ತದೆ. ಅದರ ಮೇಲೆ ಒಂದು ಸ್ಕೂಪ್, 5 ಗ್ರಾಂ.

ಆದರೆ ಎಲ್ಲರ ತಟ್ಟೆ ಹೀಗಿರುವುದಿಲ್ಲ, ಅದು ನಿಜ. ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಸಾರು ಅನ್ನುವ ಹಾಸ್ಟೆಲ್ ಹುಡುಗರ ಲೆಕ್ಕ ಹಾಕಿಸಿದೆ. 45 ಗ್ರಾಂ ದಾಟಲಿಲ್ಲ. ಅವರಿಗೆ ಕೊರತೆ ಇದೆ. ಆದರೆ ಆ ಕೊರತೆ ಪ್ರೋಟೀನಿನದು, ಬಿಸಿಎಎಯದಲ್ಲ.

ಹೆಜ್ಜೆ 5: ಕೊಳ್ಳಲೇಬೇಕು ಅಂದರೆ ಯಾವುದು

ಮೊದಲ ಆಯ್ಕೆ ಹಾಲಿನಿಂದ ತೆಗೆದ ವೇ ಪ್ರೋಟೀನ್. 25 ಗ್ರಾಂ ಪ್ರೋಟೀನ್ ಇರುವ ಒಂದು ಸ್ಕೂಪಿನಲ್ಲಿ ಐದೂವರೆ ಗ್ರಾಂ ಹತ್ತಿರ ಬಿಸಿಎಎ ಇದ್ದೇ ಇರುತ್ತದೆ, ಜೊತೆಗೆ ಲೈಸಿನ್ ಸೇರಿ ಉಳಿದ ಆರೂ ಬರುತ್ತವೆ. ಇದನ್ನು ಕುಡಿದು ಮೇಲೆ ಬಿಸಿಎಎ ಬೇರೆ ಕುಡಿಯುವುದು ಸಾರಿನ ಮೇಲೆ ಸಾರು ಹೊಯ್ದಂತೆ. ಹಾಲು ಒಗ್ಗದವರಿಗೆ, ಕಸರತ್ತಿಗೆ ಮೊದಲು ಹೊಟ್ಟೆ ಹಗುರ ಇರಬೇಕು ಅನ್ನುವವರಿಗೆ ಇಎಎ.

ಬಿಸಿಎಎ ಮೂರನೆಯದು. ಸುಳ್ಳು ಹೇಳಬಾರದು, ಅದು ಪೂರ್ತಿ ಬೂದಿ ಅಲ್ಲ. ನೋವು ಸ್ವಲ್ಪ ಕಡಿಮೆ ಆದದ್ದನ್ನು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಷರತ್ತುಗಳಿವೆ. ಸ್ನಾಯುವಿಗೆ ಆದ ಪೆಟ್ಟು ಸಣ್ಣದೋ ಮಧ್ಯಮವೋ ಇರಬೇಕು. ದಿನಕ್ಕೆ ಕೆಜಿ ತೂಕಕ್ಕೆ 200 ಮಿಲಿಗ್ರಾಂಗಿಂತ ಜಾಸ್ತಿ ಬೇಕು, ಅಂದರೆ 65 ಕೆಜಿಯವರಿಗೆ 13 ಗ್ರಾಂ. ಹತ್ತು ದಿನಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡಿರಬೇಕು. ನೋವು ಬರಿಸುವ ಕಸರತ್ತಿಗೆ ಮೊದಲೇ ಶುರು ಮಾಡಿರಬೇಕು. ನನ್ನ ಹಾಗೆ ನೋವು ಬಂದ ಮೇಲೆ ಒಂದು ಸ್ಕೂಪ್ ಕುಡಿದರೆ ಈ ನಾಲ್ಕರಲ್ಲಿ ಕೊನೆಯ ಮೂರೂ ಆಗುವುದಿಲ್ಲ. ನೋವು ಕಡಿಮೆಯಾದ ಕಡೆಯೂ, ಕಳೆದ ಬಲ ಬೇಗ ವಾಪಸ್ ಬಂತು ಅನ್ನಲು ಅಷ್ಟು ಗಟ್ಟಿ ಆಧಾರ ಇಲ್ಲ.

ಸಿಟ್ರುಲಿನ್ ಮ್ಯಾಲೇಟ್ ಅನ್ನುವ ಇನ್ನೊಂದು ಅಮೈನೋ ಆಮ್ಲದ ಪುಡಿಯನ್ನು 8 ಗ್ರಾಂ ಕಸರತ್ತಿಗೆ ಮೊದಲು ಕುಡಿದವರಿಗೆ ನೋವು ಕಡಿಮೆಯಾದ ಅಧ್ಯಯನಗಳಿವೆ, ಆಗದ ಅಧ್ಯಯನಗಳೂ ಇವೆ. ಕೆಲವರಿಗೆ ಹೊಟ್ಟೆ ಕೆಡುತ್ತದೆ. ಗ್ಲುಟಮಿನ್ ಅನ್ನುವ ಅಮೈನೋ ಆಮ್ಲಕ್ಕೆ ನಾನು ದುಡ್ಡು ಹಾಕುವುದಿಲ್ಲ.

ಹೆಜ್ಜೆ 6: ಲೇಬಲ್ ಓದುವುದು

ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ಲೈಸೆನ್ಸ್ ನಂಬರ್ 14 ಅಂಕಿ ಇರಬೇಕು. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯದು ಅಂತ ಬರುತ್ತದೆ. ಡಬ್ಬಿ ಮೇಲಿನ ಹೆಸರೂ ಅದೂ ತಾಳೆಯಾಗದಿದ್ದರೆ ವಾಪಸ್ ಇಡಿ. ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ ಅಳಿಸಿದಂತೆ ಕಂಡರೂ ಅಷ್ಟೇ.

ಲ್ಯೂಸಿನ್ ಎಷ್ಟು, ಉಳಿದೆರಡು ಎಷ್ಟು ಅಂತ ಗ್ರಾಂನಲ್ಲಿ ಬಿಡಿಬಿಡಿಯಾಗಿ ಬರೆದಿರಬೇಕು. "ಅಮೈನೋ ಬ್ಲೆಂಡ್ 9 ಗ್ರಾಂ" ಅಂತ ಒಟ್ಟಾರೆ ಬರೆದಿದ್ದರೆ ಒಳಗೆ ಏನು ಎಷ್ಟಿದೆ ಅಂತ ಅವರಿಗೇ ಗೊತ್ತು. ವೇ ಪುಡಿಯಲ್ಲಿ ಇನ್ನೊಂದು ಆಟ ನಡೆಯುತ್ತದೆ. ಪ್ರೋಟೀನ್ ಅಳೆಯುವ ಹಳೆಯ ವಿಧಾನ ಅಳೆಯುವುದು ಸಾರಜನಕವನ್ನು. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿದರೂ ಸಾರಜನಕ ಜಾಸ್ತಿ ಕಾಣಿಸಿ ಪ್ರೋಟೀನ್ ಜಾಸ್ತಿ ಇದ್ದಂತೆ ಲೆಕ್ಕ ಬರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇವು ಮೇಲಿನ ಸಾಲಲ್ಲೇ ಕಂಡರೆ ಅನುಮಾನ ಪಡಿ. ಮುಚ್ಚಳ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಬಿಡಿಯಾಗಿ ಮಾರುವುದನ್ನು ಮುಟ್ಟಲೇಬೇಡಿ.

ಜಿಲ್ಲೆ, ರಾಜ್ಯ ಮಟ್ಟದಲ್ಲಿ ಆಡುವವರು ಇನ್ನೂ ಹುಷಾರಾಗಿರಬೇಕು. ಪುಡಿಯಲ್ಲಿ ನಿಷೇಧಿತ ವಸ್ತು ಬೆರಕೆಯಾಗಿ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ಗೊತ್ತಿಲ್ಲದೆ ಕುಡಿದೆ ಅಂದಷ್ಟಕ್ಕೆ ಡೋಪಿಂಗ್ ತಡೆಯುವ ಸಂಸ್ಥೆ ನಾಡಾ ಬಿಡುವುದಿಲ್ಲ. ಪ್ರತಿ ಬ್ಯಾಚೂ ಹೊರಗಿನ ಲ್ಯಾಬಿನಲ್ಲಿ ಪರೀಕ್ಷೆಯಾದದ್ದನ್ನೇ ಕೊಳ್ಳಿ, ಕೋಚ್‌ಗೆ ತೋರಿಸದೆ ತೆರೆಯಬೇಡಿ.

ಹೆಜ್ಜೆ 7: ಕುಡಿಯುವ ಕ್ರಮ, ನಿಮ್ಮ ಮೇಲೆಯೇ ಪರೀಕ್ಷೆ

ಕಿಡ್ನಿ ಅಥವಾ ಲಿವರ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಡಾಕ್ಟರನ್ನು ಕೇಳದೆ ಕುಡಿಯಬಾರದು. ಮೇಪಲ್ ಸಿರಪ್ ಯೂರಿನ್ ಅನ್ನುವ ಹುಟ್ಟು ಕಾಯಿಲೆ ಇದ್ದವರಿಗಂತೂ ಬಿಸಿಎಎ ವಿಷವೇ. ಹದಿನೆಂಟು ತುಂಬದ ಹುಡುಗರಿಗೆ ಊಟ ಸಾಕು.

ಉಳಿದವರು 5ರಿಂದ 7 ಗ್ರಾಂ ಪುಡಿಯನ್ನು 400 ಮಿಲಿ ನೀರಿಗೆ ಹಾಕಿ, ಕಸರತ್ತಿಗೆ ಅರ್ಧ ಗಂಟೆ ಮೊದಲು ಕುಡಿಯಬಹುದು. ಇನ್ನೊಂದು ಪಾಲು ಕಸರತ್ತು ಮುಗಿದ ಮೇಲೆ. ರಜೆಯ ದಿನವೂ ಎರಡು ಸಲ. ಲ್ಯೂಸಿನ್ ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಮೇಲೆ ತೇಲುತ್ತದೆ, ಕಹಿ. ಕಲಬೆರಕೆ ಅಂತ ಗಾಬರಿಯಾಗಬೇಡಿ, ಅದರ ಗುಣವೇ ಹಾಗೆ.

ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು ನಾನು ಮಾಡಿದ್ದು ಹೇಳುತ್ತೇನೆ. ಹೊಸ ಕಸರತ್ತು ಹಿಡಿದ ಮೊದಲ ತಿಂಗಳು ಪರೀಕ್ಷೆ ಬೇಡ. ಆಗ ನೋವು ತಾನಾಗಿಯೇ ವಾರದಿಂದ ವಾರಕ್ಕೆ ಇಳಿಯುತ್ತಿರುತ್ತದೆ, ಹೆಸರು ಪುಡಿಗೆ ಹೋಗುತ್ತದೆ. ತಿಂಗಳಾದ ಮೇಲೆ ಸೋಮವಾರ ಕಾಲಿನ ದಿನ ಅಂತ ಇಟ್ಟುಕೊಂಡೆ. ಎರಡು ವಾರ ಪುಡಿ, ಎರಡು ವಾರ ಬರೀ ಶರಬತ್ತು, ಮತ್ತೆ ಪುಡಿ, ಮತ್ತೆ ಶರಬತ್ತು. ಒಟ್ಟು ಎಂಟು ವಾರ. ಬಾಟಲಿ ತುಂಬಿಸುವ ಕೆಲಸ ತಂಗಿಯದು. ಎಂಟು ವಾರ ಮುಗಿಯುವವರೆಗೆ ಯಾವ ವಾರ ಯಾವುದು ಅಂತ ಅವಳ ನೋಟ್‌ಬುಕ್ಕಿನಲ್ಲಿ ಮಾತ್ರ ಇತ್ತು. ಎರಡಕ್ಕೂ ನಿಂಬೆಹಣ್ಣು, ಉಪ್ಪು, ಸಕ್ಕರೆ ಜೋರಾಗಿ ಹಾಕಿಸಿದೆ. ಕಹಿ ಗುರುತು ಸಿಗಬಾರದಲ್ವಾ? ಎರಡು ವಾರಕ್ಕೊಮ್ಮೆ ಭಾರ ಎರಡೂವರೆ ಕೆಜಿ ಏರಿಸಿದೆ, ಇಲ್ಲದಿದ್ದರೆ ಸ್ನಾಯು ರೂಢಿಯಾಗಿ ನೋವೇ ಇರುವುದಿಲ್ಲ. ಮಂಗಳವಾರ, ಬುಧವಾರ, ಗುರುವಾರ ಸಂಜೆ ಅದೇ ಮಹಡಿ ಮೆಟ್ಟಿಲು ಇಳಿದು, ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಬರೆದೆ.

ಬುಧವಾರದ ಸರಾಸರಿ: ಪುಡಿ ಕುಡಿದ ವಾರಗಳಲ್ಲಿ 4, ಕುಡಿಯದ ವಾರಗಳಲ್ಲಿ ನಾಲ್ಕೂವರೆ. ಒಬ್ಬನ ಲೆಕ್ಕ ಇದು, ಇದರಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಅರ್ಧ ಅಂಕಕ್ಕೆ ಅಷ್ಟು ದುಡ್ಡು ನನಗೆ ಜಾಸ್ತಿ ಅನಿಸಿತು. ನಿಮಗೆ ಎರಡು ಅಂಕ ಇಳಿದರೆ ನೀವು ಮುಂದುವರಿಸಿ, ನನ್ನದೇನೂ ತಕರಾರಿಲ್ಲ.

ಹೆಜ್ಜೆ 8: ದುಡ್ಡಿಲ್ಲದೆ ನೋವು ಕಡಿಮೆ ಮಾಡುವುದು

ಮೊದಲ ವಾರ ಒಂದೊಂದು ಕಸರತ್ತಿಗೆ ಎರಡೇ ಸೆಟ್. ಇನ್ನೂ ನಾಲ್ಕು ಸಲ ಎತ್ತಬಲ್ಲೆ ಅನಿಸಿದಾಗಲೇ ನಿಲ್ಲಿಸಿ. ಎರಡನೇ ವಾರ ಮೂರು ಸೆಟ್. ಮೂರನೇ ವಾರದಿಂದ ಭಾರ ಏರಿಸಿ. ನಮ್ಮ ಕಡೆಯ ಗರಡಿ ಮನೆಗಳಲ್ಲೂ ಹೊಸಬನಿಗೆ ಮೊದಲ ದಿನವೇ ಸಂಗ್ರಾಣಿ ಕಲ್ಲು ಎತ್ತಲು ಯಾರೂ ಕೊಡುತ್ತಿರಲಿಲ್ಲ. ಜಾತ್ರೆ, ಮದುವೆ ಅಂತ ಮೂರು ವಾರ ತಪ್ಪಿಸಿ ಬಂದರೆ ಹಳೆಯ ಭಾರಕ್ಕೆ ಕೈ ಹಾಕಬೇಡಿ, ಅರ್ಧದಿಂದ ಶುರು ಮಾಡಿ.

ನೋವಿದ್ದ ದಿನ ಪೂರ್ತಿ ಮಲಗುವುದು ತಪ್ಪು. ಇಪ್ಪತ್ತು ನಿಮಿಷ ನಡೆಯಿರಿ, ಸೈಕಲ್ ತುಳಿಯಿರಿ, ಆ ಹೊತ್ತಿಗಾದರೂ ಬಿಗಿತ ಸಡಿಲವಾಗುತ್ತದೆ. ಕಾಲು ನೋಯುತ್ತಿದ್ದರೆ ಅವತ್ತು ತೋಳಿನ ಕಸರತ್ತು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡು ಬಿಸಿನೀರು ಹೊಯ್ದುಕೊಳ್ಳುವ ಮನೆಮದ್ದು ಒಳ್ಳೆಯದೇ, ಮಾಲೀಶಿನಿಂದ ನೋವು ಸ್ವಲ್ಪ ಕಡಿಮೆಯಾಗುತ್ತದೆ. ಸ್ಟ್ರೆಚಿಂಗ್‌ನಿಂದ ಮಾತ್ರ ಹೇಳಿಕೊಳ್ಳುವಂಥ ಫರಕು ಆಗುವುದಿಲ್ಲ. ಐಸ್ ನೀರಿನಲ್ಲಿ ಕೂತರೆ ನೋವು ಇಳಿಯುತ್ತದೆ, ಆದರೆ ದಿನಾ ಕೂತರೆ ಸ್ನಾಯು ಬೆಳೆಯುವುದಕ್ಕೂ ಅಡ್ಡಿ.

ನೋವಿನ ಮಾತ್ರೆ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಬಿಸಿಲಲ್ಲಿ ಬೆವರಿ ನೀರು ಕಮ್ಮಿಯಾಗಿರುವಾಗ ಡೈಕ್ಲೊಫೆನಾಕ್‌ನಂಥ ಮಾತ್ರೆ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಬೇಸಿಗೆಯಲ್ಲಿ ಕಸರತ್ತು ಬೆಳಿಗ್ಗೆ ಏಳರೊಳಗೆ ಮುಗಿಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ನಿದ್ದೆ ಏಳು ಗಂಟೆ.

ಡಬ್ಬಿ ಈಗಾಗಲೇ ಮನೆಗೆ ಬಂದಿದ್ದರೆ

ಎಸೆಯಬೇಡಿ. ದಿನಾಂಕ ಮುಗಿದಿಲ್ಲದಿದ್ದರೆ, ಕಾಲಿನ ಕಸರತ್ತು ಹೆಚ್ಚಿಸಬೇಕು ಅಂದುಕೊಂಡ ವಾರಕ್ಕೆ ಹತ್ತು ಹನ್ನೆರಡು ದಿನ ಮೊದಲು ಶುರು ಮಾಡಿ, ಮೇಲೆ ಹೇಳಿದ ಅಳತೆಯಲ್ಲಿ ಖಾಲಿ ಮಾಡಿ. ಊಟದ ಜೊತೆ ಕುಡಿದರೆ ಕಾಳಿನ ಲೈಸಿನ್ ಜೊತೆಗಿರುತ್ತದೆ. ಒದ್ದೆ ಸ್ಕೂಪ್ ಒಳಗೆ ಹಾಕಬೇಡಿ, ಮಳೆಗಾಲದಲ್ಲಿ ಪುಡಿ ಬೆಲ್ಲದ ಅಚ್ಚಿನಂತೆ ಗಟ್ಟಿಯಾಗುತ್ತದೆ. ಬರೀ ಗಟ್ಟಿಯಾಗಿದ್ದರೆ ಚಮಚದಿಂದ ಪುಡಿ ಮಾಡಿಕೊಳ್ಳಬಹುದು. ಬಣ್ಣ ತಿರುಗಿ ವಾಸನೆ ಬಂದಿದ್ದರೆ ಚೆಲ್ಲಿ.